ಸಣ್ಣ ವಿಮಾನದಲ್ಲಿ ಹವಾಮಾನದ ಚಿತ್ರ: ಅದು ಎಷ್ಟು ನಿಮಿಷ ಹಳೇದು?

ಟೆಕ್ಸಾಸ್‌ನಲ್ಲಿ ನಮ್ಮ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಕೆಲವರ ಹತ್ತಿರ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ಕೆಲವರು ಈಗ ಕಲಿಯುತ್ತಿದ್ದೀರಿ. ಉಳಿದವರು ಅವರ ಪಕ್ಕದ ಸೀಟಿನಲ್ಲಿ ಕೂರುವವರು. ಹೆಂಡತಿ, ಗಂಡ, ಮಕ್ಕಳು, ಬೇಸಿಗೆಗೆ ಊರಿಂದ ಬಂದ ಅಪ್ಪ ಅಮ್ಮ. ಇವತ್ತಿನ ಮಾತು ಎಲ್ಲರಿಗೂ ಬೇಕಾದದ್ದೇ. ಯಾಕಂದ್ರೆ ಹವಾಮಾನ ತೋರಿಸುವ ಆ ಟ್ಯಾಬ್ಲೆಟ್ ಎಷ್ಟೋ ಸಲ ಇರುವುದು ಪಕ್ಕದಲ್ಲಿ ಕೂತವರ ಮಡಿಲಲ್ಲೇ. "ನೋಡು, ಇಲ್ಲಿ ಸಂದಿ ಕಾಣ್ತಿದೆ, ಇದರಲ್ಲಿ ಹೋಗಬಹುದಲ್ವಾ?" ಅಂತ ಕೇಳುವವರೂ ಅವರೇ. ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಾವು ಹಾರಿಸುವ ವಿಮಾನದ ವಿಷಯ. ನಮ್ಮಲ್ಲಿ ಹೆಚ್ಚಿನವರು ಬಾಡಿಗೆಗೆ ತೆಗೆದುಕೊಳ್ಳುವುದು ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್. ಗಂಟೆಗೆ ಸುಮಾರು 120 ನಾಟಿಕಲ್ ಮೈಲಿ ಹೋಗುತ್ತದೆ, ಅಂದರೆ 220 ಕಿಲೋಮೀಟರ್ ಆಸುಪಾಸು. ದೊಡ್ಡ ವಿಮಾನಗಳಲ್ಲಿ ಮೂಗಿನೊಳಗೆ ರೇಡಾರ್ ತಟ್ಟೆ ಇರುತ್ತದೆ. ನಮ್ಮದರ ಮೂಗಿನಲ್ಲಿ ಎಂಜಿನ್ ಮತ್ತು ಪ್ರೊಪೆಲ್ಲರ್ ಕೂತಿವೆ, ರೇಡಾರ್‌ಗೆ ಜಾಗವಿಲ್ಲ. ಒಂಟಿ ಎಂಜಿನ್ನಿನ ಕೆಲವು ದುಬಾರಿ ವಿಮಾನಗಳಲ್ಲಿ ರೆಕ್ಕೆಗೆ ರೇಡಾರ್ ಕಟ್ಟಿದ್ದುಂಟು, ಬಾಡಿಗೆಯ 172ರಲ್ಲಿ ಅದನ್ನು ಕಾಣಲಾರಿರಿ. ಮೋಡದ ಮೇಲಿಂದ ಹಾರಿಹೋಗೋಣ ಅಂದರೆ ಅದೂ ಆಗುವುದಿಲ್ಲ. 172 ಹತ್ತುವುದು ಹೆಚ್ಚೆಂದರೆ 14,000 ಅಡಿ. ಮೇ ತಿಂಗಳಲ್ಲಿ ಇಲ್ಲಿ ಏಳುವ ಗುಡುಗು ಮೋಡಗಳ ನೆತ್ತಿ 40,000 ಅಡಿ ದಾಟುತ್ತದೆ. ಹಾಗಾಗಿ ಉಳಿಯುವುದು ಎರಡೇ ದಾರಿ. ದೂರದಿಂದ ಸುತ್ತಿ ಹೋಗಬೇಕು, ಇಲ್ಲ ನೆಲದ ಮೇಲೇ ಇರಬೇಕು.

ಹಿಂದೆ ಆಕಾಶದಲ್ಲಿದ್ದಾಗ ಹವಾಮಾನ ಕೇಳಬೇಕು ಅಂದರೆ ರೇಡಿಯೋದಲ್ಲಿ 122.0ಕ್ಕೆ ಹೋಗಿ ಫ್ಲೈಟ್ ವಾಚ್ ಅನ್ನುವ ಸೇವೆಯನ್ನು ಕರೆಯಬೇಕಿತ್ತು. ಆ ಕಡೆ ಒಬ್ಬರು ಕೂತು ರೇಡಾರ್ ಚಿತ್ರ ನೋಡಿ ಬಾಯಿಮಾತಿನಲ್ಲಿ ವಿವರಿಸುತ್ತಿದ್ದರು. ಇಂಥ ಊರಿನಿಂದ ಇಂಥ ಊರಿಗೆ ಒಂದು ಸಾಲು, ಇಷ್ಟು ಮೈಲಿ ಅಗಲ, ಈ ದಿಕ್ಕಿಗೆ ಚಲಿಸುತ್ತಿದೆ ಅಂತ. ನಾವು ಕೇಳಿಸಿಕೊಂಡು, ಮೊಣಕಾಲ ಮೇಲಿನ ನಕ್ಷೆಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆಯಬೇಕು. ಅದೇ ಹೊತ್ತಿಗೆ ವಿಮಾನವನ್ನೂ ಓಡಿಸಬೇಕು. ಆ ಸೇವೆ 2015ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಅದನ್ನು ಕೇಳುವವರೇ ಕಡಿಮೆಯಾಗಿದ್ದರು. ಎಲ್ಲರ ಕೈಗೂ ಚಿತ್ರವೇ ಬಂದುಬಿಟ್ಟಿತ್ತು.

ಚಿತ್ರ ಕೈಗೆ ಬಂದದ್ದು 2005ರಲ್ಲಿ. ಗಾರ್ಮಿನ್ ಕಂಪನಿ ಜಿಪಿಎಸ್‌ಮ್ಯಾಪ್ 396 ಅನ್ನುವ ಪುಟ್ಟ ಪೆಟ್ಟಿಗೆಯನ್ನು ಹೊರತಂದಿತು. ಒಂದು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ನಾಲ್ಕು ಇಂಚಿಗಿಂತ ಚಿಕ್ಕ ಪರದೆ. ಬೆಲೆ ಎರಡೂವರೆ ಸಾವಿರ ಡಾಲರ್ ಆಸುಪಾಸು. ಎಕ್ಸ್‌ಎಂ ಅನ್ನುವ ಸ್ಯಾಟಲೈಟ್ ರೇಡಿಯೋ ಕಂಪನಿ ಹಾಡುಗಳ ಜೊತೆ ಹವಾಮಾನದ ಮಾಹಿತಿಯನ್ನೂ ಆಕಾಶದಿಂದ ಕಳಿಸುತ್ತಿತ್ತು. ತಿಂಗಳ ಚಂದಾ ಕಟ್ಟಿ, ಪುಟ್ಟ ಆಂಟೆನಾವನ್ನು ಮುಂದಿನ ಗಾಜಿನ ಕೆಳಗೆ ಇಟ್ಟರೆ ಸಾಕು. ನಕ್ಷೆಯ ಮೇಲೆ ನಮ್ಮ ವಿಮಾನದ ಗುರುತು, ಅದರ ಸುತ್ತ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಮಳೆ ಕಾಣುತ್ತಿತ್ತು. ಮರುವರ್ಷ 496 ಬಂತು, 2008ರಲ್ಲಿ ಏಳು ಇಂಚು ಪರದೆಯ 696 ಬಂತು.

ಕೈಯಲ್ಲಿ ಒಯ್ಯುವ ಪೆಟ್ಟಿಗೆ ಆಗಿದ್ದರಿಂದಲೇ ಇಷ್ಟೊಂದು ಬದಲಾವಣೆ ಆಯಿತು. ವಿಮಾನದ ಪ್ಯಾನೆಲ್‌ಗೆ ಏನೇ ಕೂರಿಸಬೇಕಾದರೂ ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ, ಒಪ್ಪಿದ ಉಪಕರಣವೇ ಆಗಬೇಕು, ಲೈಸೆನ್ಸ್ ಇರುವ ಮೆಕ್ಯಾನಿಕ್ ಕೂರಿಸಿ ಸಹಿ ಹಾಕಬೇಕು, ಖರ್ಚು ಹತ್ತಾರು ಸಾವಿರ ಡಾಲರ್‌ಗೆ ಹೋಗುತ್ತದೆ. ಕೈಪೆಟ್ಟಿಗೆಗೆ ಅದ್ಯಾವುದೂ ಬೇಡ. ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ಯಾವ ಬಾಡಿಗೆ ವಿಮಾನದ ಹಿಡಿಕೆಗಾದರೂ ಸಿಕ್ಕಿಸಬಹುದು. ಅದಕ್ಕೇ ಒಂದು ಮಿತಿಯೂ ಇದೆ. ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರುವಾಗ ದಾರಿಗೆ ಇದನ್ನು ಆಧಾರವಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಸುತ್ತಮುತ್ತ ಏನಿದೆ ಅಂತ ತಿಳಿಯಲು ನೆರವು ಮಾತ್ರ.

ಈ ಪೆಟ್ಟಿಗೆ ಬಂದ ಮೇಲೆ ಎಷ್ಟೋ ಜನ ಬದುಕಿದ್ದಾರೆ. ನನಗೆ ಅದರಲ್ಲಿ ಯಾವ ಅನುಮಾನವೂ ಇಲ್ಲ. ನೂರು ಮೈಲಿ ಆಚೆ ಕೆಂಪು ಸಾಲು ಕಂಡು, ಈಗಲೇ ದಕ್ಷಿಣಕ್ಕೆ ತಿರುಗಿ ದೊಡ್ಡ ಸುತ್ತು ಹಾಕಿದವರು, ಇಳಿದು ರಾತ್ರಿ ಹೋಟೆಲಿನಲ್ಲಿ ಉಳಿದವರು ಸುದ್ದಿಯಾಗುವುದಿಲ್ಲ. ನಾನು ಈಗ ಹೇಳುವುದನ್ನು ಕೇಳಿ ಇದು ಬೇಡ ಅಂದುಕೊಳ್ಳಬೇಡಿ. ಬೇಕೇ ಬೇಕು. ಆದರೆ ಆ ಚಿತ್ರ ಹೇಗೆ ತಯಾರಾಗುತ್ತದೆ ಅನ್ನುವುದು ಗೊತ್ತಿರಬೇಕು.

ಅಮೆರಿಕದಲ್ಲಿ ನೆಕ್ಸ್‌ರಾಡ್ ಅನ್ನುವ ಹವಾಮಾನ ರೇಡಾರ್‌ಗಳ ಜಾಲ ಇದೆ. ಸುಮಾರು 160 ರೇಡಾರ್‌ಗಳು. ನಮ್ಮ ಕಡೆ ಫೋರ್ಟ್ ವರ್ತ್‌ನಲ್ಲಿ ಒಂದಿದೆ, ಹೂಸ್ಟನ್ ಹತ್ತಿರ ಒಂದು, ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಒಂದು. ರೇಡಾರ್ ತಟ್ಟೆ ಮೊದಲು ನೆಲಕ್ಕೆ ಹತ್ತಿರದ ಕೋನದಲ್ಲಿ ಒಂದು ಸುತ್ತು ತಿರುಗುತ್ತದೆ. ಆಮೇಲೆ ಸ್ವಲ್ಪ ಮೇಲಕ್ಕೆತ್ತಿ ಇನ್ನೊಂದು ಸುತ್ತು. ಹೀಗೆ ಹಂತ ಹಂತವಾಗಿ ಆಕಾಶವನ್ನೆಲ್ಲ ನೋಡಿ ಮುಗಿಸಲು ಮಳೆಯಿರುವ ದಿನ ಸುಮಾರು ನಾಲ್ಕೂವರೆಯಿಂದ ಆರು ನಿಮಿಷ ಬೇಕು. ಮಳೆಯಿಲ್ಲದ ದಿನ ಅದು ನಿಧಾನಕ್ಕೆ ತಿರುಗುತ್ತದೆ, ಆಗ ಏಳರಿಂದ ಹತ್ತು ನಿಮಿಷ ಬೇಕು. ಆ ಮಾಹಿತಿ ಒಂದು ಕಡೆ ಹೋಗಿ ಸೇರುತ್ತದೆ. ಅಲ್ಲಿ ಕಂಪ್ಯೂಟರ್‌ಗಳು ಹತ್ತಾರು ರೇಡಾರ್‌ಗಳ ಚಿತ್ರಗಳನ್ನು ಜೋಡಿಸಿ, ಪರ್ವತ, ಹಕ್ಕಿ ಹಿಂಡುಗಳ ಗುರುತು ಅಳಿಸಿ, ಒಂದೇ ದೊಡ್ಡ ಚಿತ್ರ ಮಾಡುತ್ತವೆ. ಅದು ಸ್ಯಾಟಲೈಟ್‌ಗೋ ನೆಲದ ಟವರ್‌ಗೋ ಹೋಗಿ, ಅಲ್ಲಿಂದ ನಮ್ಮ ಪೆಟ್ಟಿಗೆಗೆ ಬರುತ್ತದೆ.

ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. "2 ನಿಮಿಷ" ಅಂತ. ನಾವೆಲ್ಲ ಏನಂದುಕೊಳ್ಳುತ್ತೇವೆ? ಮಳೆ ಎರಡು ನಿಮಿಷದ ಹಿಂದೆ ಇಲ್ಲಿತ್ತು ಅಂತ. ಆದರೆ ಆ ಸಂಖ್ಯೆ ಹೇಳುವುದು ಜೋಡಿಸಿದ ಚಿತ್ರ ತಯಾರಾಗಿ ಎರಡು ನಿಮಿಷವಾಯಿತು ಅಂತ ಮಾತ್ರ. ಉತ್ತರ ಕರ್ನಾಟಕದವರಿಗೆ ಕೌದಿ ಗೊತ್ತಲ್ಲ, ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಸೇರಿಸಿ ಹೊಲಿಯುವುದು. ಕೌದಿ ಹೊಲಿದು ಮುಗಿದದ್ದು ಇವತ್ತಿರಬಹುದು, ಒಳಗಿನ ಒಂದೊಂದು ತುಂಡಿನ ವಯಸ್ಸು ಬೇರೆ ಬೇರೆ. ಆ ಸಂಖ್ಯೆ ಕೌದಿ ಹೊಲಿದ ಹೊತ್ತು. ನಮಗೆ ಬೇಕಾದದ್ದು ನಮ್ಮ ಮೂಗಿನ ಮುಂದಿರುವ ತುಂಡಿನ ವಯಸ್ಸು. ಅದನ್ನು ಪರದೆ ಹೇಳುವುದಿಲ್ಲ.

ಇದು ನನ್ನ ಊಹೆ ಅಂದುಕೊಳ್ಳಬೇಡಿ. ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ 2012ರ ಜೂನ್‌ನಲ್ಲಿ ಪೈಲಟ್‌ಗಳಿಗೆಲ್ಲ ಒಂದು ಸುರಕ್ಷತಾ ಎಚ್ಚರಿಕೆ ಹೊರಡಿಸಿತು. ಪರದೆ ಹೇಳುವ ವಯಸ್ಸಿಗಿಂತ ಚಿತ್ರದೊಳಗಿನ ಮಳೆ, ತೀರಾ ಕೆಟ್ಟ ಸಂದರ್ಭದಲ್ಲಿ, 15ರಿಂದ 20 ನಿಮಿಷ ಹಳೇದಿರಬಹುದು ಅಂತ ಅದರಲ್ಲಿತ್ತು. ಜೊತೆಗೆ ಎರಡು ಅಪಘಾತಗಳ ವಿವರ ಕೊಟ್ಟಿದ್ದರು.

ಮೊದಲನೆಯದು 2010ರ ಮಾರ್ಚ್ 25ರದ್ದು. ಟೆನೆಸಿ ರಾಜ್ಯದ ಬ್ರೌನ್ಸ್‌ವಿಲ್ ಹತ್ತಿರ, ಬೆಳಗಿನ ಆರು ಗಂಟೆಯ ಹೊತ್ತು. ಏರ್ ಆಂಬುಲೆನ್ಸ್ ಹೆಲಿಕಾಪ್ಟರ್ ಒಂದು ಜಾಕ್ಸನ್ ಊರಿನ ಆಸ್ಪತ್ರೆಗೆ ರೋಗಿಯನ್ನು ಬಿಟ್ಟು ತನ್ನ ನೆಲೆಗೆ ಮರಳುತ್ತಿತ್ತು. ಪೈಲಟ್, ಇಬ್ಬರು ನರ್ಸ್‌ಗಳು. ಬಿರುಗಾಳಿ ಬರುವ ಮೊದಲು ತಲುಪಲು ಸುಮಾರು 18 ನಿಮಿಷ ಸಮಯವಿದೆ ಅಂತ ಪೈಲಟ್ ತಮ್ಮ ನಂತರದ ಪಾಳಿಯವರಿಗೆ ಫೋನಿನಲ್ಲಿ ಹೇಳಿದ್ದರು. ಹೆಲಿಕಾಪ್ಟರ್‌ಗೆ ಬಂದ ಚಿತ್ರದಲ್ಲಿ ಬಿರುಸಿನ ಮಳೆ ನೆಲೆಯಿಂದ ಇನ್ನೂ ಏಳು ಮೈಲಿ ದೂರ ಇತ್ತು. ಚಿತ್ರದ ವಯಸ್ಸು ಒಂದು ನಿಮಿಷ ಅನ್ನುವ ಲೆಕ್ಕ. ಒಳಗಿನ ಮಾಹಿತಿ ಸುಮಾರು ಐದು ನಿಮಿಷ ಹಳೇದು. ನಿಜವಾದ ಬಿರುಗಾಳಿ ಆ ಹೊತ್ತಿಗೆ ನೆಲೆಯ ಮೇಲೇ ಹಾದುಹೋಗುತ್ತಿತ್ತು. ಮೂವರೂ ಉಳಿಯಲಿಲ್ಲ. ಬಿದ್ದ ಜಾಗದಿಂದ ನೆಲೆ ಕೆಲವೇ ಮೈಲಿ.

ಎರಡನೆಯದು ನಮ್ಮ ರಾಜ್ಯದ್ದೇ. 2011ರ ಡಿಸೆಂಬರ್ 19, ಬ್ರಯಾನ್ ಊರಿನ ಹತ್ತಿರ. ಒಂಟಿ ಎಂಜಿನ್ನಿನ ಪೈಪರ್ ವಿಮಾನ, ಒಳಗೆ ಐದು ಜನ. ಅದರಲ್ಲೂ ನೆಕ್ಸ್‌ರಾಡ್ ಚಿತ್ರ ಬರುತ್ತಿತ್ತು. ಅಲ್ಲೂ ಪರದೆ ಹೇಳುವ ವಯಸ್ಸಿಗಿಂತ ಮಳೆಯ ಮಾಹಿತಿ ಹಲವು ನಿಮಿಷ ಹಿಂದಿನದಾಗಿತ್ತು. ಐವರೂ ತೀರಿಕೊಂಡರು.

ಐದು ನಿಮಿಷ, ಹದಿನೈದು ನಿಮಿಷ ಏನು ಮಹಾ ಅನಿಸಬಹುದು. ಸ್ವಲ್ಪ ಲೆಕ್ಕ ಹಾಕಿ. ಗುಡುಗು ಮಳೆಯ ಸಾಲು ಗಂಟೆಗೆ 40 ನಾಟಿಕಲ್ ಮೈಲಿ ವೇಗದಲ್ಲಿ ಸರಿಯುತ್ತಿದೆ ಅನ್ನೋಣ. ವಸಂತದಲ್ಲಿ ಇಲ್ಲಿ ಅದು ಮಾಮೂಲಿ. ಹದಿನೈದು ನಿಮಿಷದಲ್ಲಿ ಅದು ಹತ್ತು ಮೈಲಿ ಸರಿದಿರುತ್ತದೆ. ಪರದೆಯಲ್ಲಿ ಹತ್ತು ಮೈಲಿ ಅಗಲದ ಸಂದಿ ಕಾಣುತ್ತಿದ್ದರೆ, ಅಲ್ಲಿ ಈಗ ಸಂದಿ ಇರುವ ಖಾತ್ರಿಯೇ ಇಲ್ಲ. ಇನ್ನು ಮೋಡ ಇದ್ದಲ್ಲೇ ಬೆಳೆಯುವುದನ್ನೂ ಸೇರಿಸಿ. ಬಿಸಿಲಿಗೆ ಉಬ್ಬುವ ಹೂಕೋಸಿನಂಥ ಬಿಳಿ ಮೋಡ ನಿಮಿಷಕ್ಕೆ 3,000 ಅಡಿ ಮೇಲೇರಬಹುದು. ರೇಡಾರ್ ತಟ್ಟೆ ಆ ಕಡೆ ತಿರುಗಿದಾಗ ಅದರಲ್ಲಿ ಮಳೆಯೇ ಇರಲಿಲ್ಲ. ಚಿತ್ರ ನಮ್ಮ ಕೈಗೆ ಬರುವಷ್ಟರಲ್ಲಿ ಅದು ಪೂರ್ತಿ ಗುಡುಗು ಮೋಡವಾಗಿದೆ.

ಒಮ್ಮೆ ಆಸ್ಟಿನ್‌ನಿಂದ ಶ್ರೀವ್‌ಪೋರ್ಟ್ ಕಡೆ ಹೋಗುತ್ತಿದ್ದೆ. ಜೂನ್ ತಿಂಗಳ ಮಧ್ಯಾಹ್ನ. ಟ್ಯಾಬ್ಲೆಟ್‌ನಲ್ಲಿ ನನ್ನ ದಾರಿಗೆ ಅಡ್ಡಲಾಗಿ ಎರಡು ಕೆಂಪು ಗುಡ್ಡೆ, ನಡುವೆ ಖಾಲಿ ಜಾಗ. ನಾನು ಹೋಗಬೇಕಾದ ಗೆರೆ ಸರಿಯಾಗಿ ಆ ಖಾಲಿ ಜಾಗದಲ್ಲೇ ಹಾದುಹೋಗುತ್ತಿತ್ತು. ಪರದೆಯಲ್ಲಿ "3 ನಿಮಿಷ". ತಲೆಯೆತ್ತಿ ಗಾಜಿನಾಚೆ ನೋಡಿದೆ. ಪರದೆ ಖಾಲಿ ತೋರಿಸುವ ಜಾಗದಲ್ಲಿ ಮೋಡದ ಬುಡ ಹಸಿರು ಮಿಶ್ರಿತ ಕಪ್ಪಾಗಿತ್ತು. ಅದರ ಕೆಳಗೆ ಪೈನ್ ಕಾಡು ಕಾಣುತ್ತಲೇ ಇರಲಿಲ್ಲ. ಎಡಗಡೆ ಮೋಡದ ಅಂಚು ಮಾತ್ರ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು, ಅದು ನೋಡನೋಡುತ್ತ ಮೇಲಕ್ಕೆ ಏರುತ್ತಿತ್ತು. ಬಲಕ್ಕೆ ತಿರುಗಿ ಲಫ್ಕಿನ್ ಏರ್‌ಪೋರ್ಟ್‌ಗೆ ಇಳಿದೆ. ವಿಮಾನ ಕಟ್ಟಿ ಒಳಗೆ ಹೋಗಿ ಕೂತು ಅದೇ ಟ್ಯಾಬ್ಲೆಟ್ ನೋಡುತ್ತಿದ್ದೆ. ಮುಂದಿನ ಚಿತ್ರದಲ್ಲಿ ಸಂದಿ ಅರ್ಧವಾಗಿತ್ತು, ಅದರ ಮುಂದಿನದರಲ್ಲಿ ಮುಚ್ಚಿತ್ತು. ನನ್ನ ಕಣ್ಣಿಗೆ ಅದು ಆಗಲೇ ಮುಚ್ಚಿದ್ದು ಕಂಡಿತ್ತಲ್ಲ, ಪೆಟ್ಟಿಗೆಗೆ ಆ ಸುದ್ದಿ ತಲುಪಲು ಅಷ್ಟು ಹೊತ್ತು ಬೇಕಾಯಿತು.

ಪರದೆ ಸ್ಪಷ್ಟವಾದಷ್ಟೂ ನಂಬಿಕೆ ಜಾಸ್ತಿಯಾಗುವುದು ಇನ್ನೊಂದು ತೊಂದರೆ. ಎಫ್‌ಎಎಯವರೇ ಇದರ ಮೇಲೆ ಅಧ್ಯಯನ ಮಾಡಿ 2004ರಲ್ಲಿ ವರದಿ ಕೊಟ್ಟಿದ್ದಾರೆ. ಮಳೆಯ ಚಿತ್ರ ಹೆಚ್ಚು ನುಣುಪಾಗಿ, ಸಣ್ಣ ಸಣ್ಣ ಚುಕ್ಕೆಗಳಲ್ಲಿ ಕಂಡಾಗ, ಪೈಲಟ್‌ಗಳು ನಡುವೆ ನುಸುಳಿ ಹೋಗಬಹುದು ಅಂದುಕೊಂಡು ಮುಂದುವರಿಯುವ ಒಲವು ತೋರಿಸಿದರು. ಈಗಿನ ಟ್ಯಾಬ್ಲೆಟ್ ಪರದೆಗಳ ಹೊಳಪು ನೋಡಿದರೆ ನನಗೆ ಈ ವರದಿ ಪದೇ ಪದೇ ನೆನಪಾಗುತ್ತದೆ.

ಈಗ ಚಿತ್ರದಲ್ಲಿ ಕಾಣದೇ ಇರುವುದರ ಬಗ್ಗೆ. ರೇಡಾರ್ ತೋರಿಸುವುದು ಮಳೆಯನ್ನು. ಮೋಡವನ್ನಲ್ಲ, ಮಂಜನ್ನಲ್ಲ. ಪರದೆ ಪೂರ್ತಿ ಖಾಲಿ ಇದ್ದು, ಹೊರಗೆ ಐನೂರು ಅಡಿ ಎತ್ತರದಲ್ಲಿ ಮೋಡ ಚಾಪೆ ಹಾಸಿರಬಹುದು. ಮೋಡದಲ್ಲಿ ಹಾರುವ ತರಬೇತಿ ಇಲ್ಲದವರು ಅದರೊಳಗೆ ಹೊಕ್ಕರೆ ಏನಾಗುತ್ತದೆ ಅಂತ 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿದ್ದರು. ಇಪ್ಪತ್ತು ಜನ ಕಲಿಕೆಯ ಪೈಲಟ್‌ಗಳು. ಹೊರಗಿನದು ಕಾಣದ ಹಾಗೆ ಮಾಡಿದಾಗ ಎಲ್ಲರೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಅದಕ್ಕೇ ಮಳೆಯ ಚಿತ್ರದ ಜೊತೆ ಏರ್‌ಪೋರ್ಟ್‌ಗಳ ವರದಿಯನ್ನೂ ನೋಡಬೇಕು. ಟ್ಯಾಬ್ಲೆಟ್‌ನ ನಕ್ಷೆಯಲ್ಲಿ ಪ್ರತಿ ಏರ್‌ಪೋರ್ಟ್ ಪಕ್ಕ ಬಣ್ಣದ ಚುಕ್ಕೆ ಇರುತ್ತದೆ. ಹಸಿರು ಅಂದರೆ ಸರಿ. ನೀಲಿ ಅಂದರೆ ಮೋಡ 3,000 ಅಡಿಯವರೆಗೆ ಇಳಿದಿದೆ, ಇಲ್ಲವೇ ನೋಟ ಐದು ಮೈಲಿಗೆ ಬಂದಿದೆ. ಕೆಂಪು ಅಂದರೆ 1,000 ಅಡಿಗಿಂತ ಕೆಳಗೆ, ಅಥವಾ ನೋಟ ಮೂರು ಮೈಲಿಗಿಂತ ಕಡಿಮೆ. ಮೆಜೆಂಟಾ ಇನ್ನೂ ಕೆಟ್ಟದು. ನೀವು ಹೋಗುವ ದಾರಿಯಲ್ಲಿ ಹಸಿರು ಚುಕ್ಕೆಗಳು ಒಂದೊಂದಾಗಿ ನೀಲಿಯಾಗುತ್ತಿದ್ದರೆ ಮಳೆಯ ಬಣ್ಣಕ್ಕಿಂತ ಅದನ್ನೇ ಗಂಭೀರವಾಗಿ ತೆಗೆದುಕೊಳ್ಳಿ.

ರೇಡಾರ್‌ನಿಂದ ದೂರ ಹೋದಷ್ಟೂ ಅದರ ಕಿರಣ ನೆಲದಿಂದ ಮೇಲಕ್ಕೆ ಹೋಗುತ್ತದೆ, ಭೂಮಿ ಬಾಗಿರುವುದರಿಂದ. ನೂರು ನಾಟಿಕಲ್ ಮೈಲಿ ದೂರದಲ್ಲಿ ಅತಿ ಕೆಳಗಿನ ಕಿರಣವೂ 10,000 ಅಡಿಗಿಂತ ಮೇಲಿರುತ್ತದೆ. ಅದರ ಕೆಳಗೆ, ಅಂದರೆ ನಾವು ಹಾರುವ ಎತ್ತರದಲ್ಲಿ, ಸುರಿಯುವ ಮಳೆ ಅದಕ್ಕೆ ಕಾಣದೇ ಹೋಗಬಹುದು. ಪೂರ್ವ ಟೆಕ್ಸಾಸ್‌ನ ಕೆಲವು ಭಾಗ ಎಲ್ಲ ರೇಡಾರ್‌ಗಳಿಂದಲೂ ದೂರವೇ. ಪಶ್ಚಿಮದ ಗುಡ್ಡಗಾಡಿನಲ್ಲಂತೂ ಬೆಟ್ಟವೇ ಅಡ್ಡ ಬರುತ್ತದೆ. ಹಾಗಾಗಿ "ಮಳೆ ಇಲ್ಲ" ಅನ್ನುವ ಖಾಲಿ ಮತ್ತು "ಮಾಹಿತಿ ಇಲ್ಲ" ಅನ್ನುವ ಖಾಲಿ ಎರಡೂ ಬೇರೆ. ನಿಮ್ಮ ಆ್ಯಪ್ ಮಾಹಿತಿ ಇಲ್ಲದ ಜಾಗವನ್ನು ಹೇಗೆ ತೋರಿಸುತ್ತದೆ, ಬೂದು ಬಣ್ಣವೋ ಗೆರೆಗಳೋ, ಇದನ್ನು ಮನೆಯಲ್ಲಿ ಕೂತು ಕೈಪಿಡಿ ತೆಗೆದು ಓದಿ. ದಯವಿಟ್ಟು ಇದೊಂದನ್ನು ಮಾಡಿ.

ಚಳಿಗಾಲದಲ್ಲಿ ಹಸಿರು ಬಣ್ಣವೂ ಅಪಾಯ. ಜುಲೈನಲ್ಲಿ ತೆಳು ಹಸಿರು ಅಂದರೆ ಸುಮ್ನೆ ತುಂತುರು. ಜನವರಿಯಲ್ಲಿ ಅದೇ ಹಸಿರು ರೆಕ್ಕೆಗೆ ಮಂಜುಗಡ್ಡೆ ಕಟ್ಟಿಸಬಹುದು. 172ರಲ್ಲಿ ಅದನ್ನು ಕರಗಿಸುವ ವ್ಯವಸ್ಥೆ ಇಲ್ಲ. ನೀರು ಹೆಪ್ಪುಗಟ್ಟುವ ಎತ್ತರ ಎಷ್ಟು ಅಂತ ತೋರಿಸುವ ಪುಟವೂ ಈ ಉಪಕರಣಗಳಲ್ಲಿ ಇದೆ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ.

ಇವತ್ತು ನಮ್ಮಲ್ಲಿ ಹೆಚ್ಚಿನವರು ಬಳಸುವುದು ಐಪ್ಯಾಡ್ ಮತ್ತು ಅಂಗೈಯಗಲದ ಒಂದು ರಿಸೀವರ್. 2012ರ ಸುಮಾರಿಗೆ ಸ್ಟ್ರೇಟಸ್, ಗಾರ್ಮಿನ್ ಜಿಡಿಎಲ್ 39 ಇವೆಲ್ಲ ಬಂದವು. ಇವು ಎಡಿಎಸ್-ಬಿ ಅನ್ನುವ ಸರ್ಕಾರಿ ವ್ಯವಸ್ಥೆಯಿಂದ, 978 ಮೆಗಾಹರ್ಟ್ಸ್‌ನಲ್ಲಿ, ನೆಲದ ಟವರ್‌ಗಳಿಂದ ಹವಾಮಾನ ಪಡೆಯುತ್ತವೆ. ಚಂದಾ ಇಲ್ಲ. ಇದರಲ್ಲಿ ಎರಡು ಬಗೆಯ ಮಳೆ ಚಿತ್ರ ಬರುತ್ತದೆ. ಹತ್ತಿರದ ಪ್ರದೇಶದ್ದು ಐದು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ, ಇಡೀ ದೇಶದ್ದು ಹದಿನೈದು ನಿಮಿಷಕ್ಕೊಮ್ಮೆ. ದೂರದ್ದು ಒರಟು ಚೌಕಗಳಾಗಿ ಕಾಣುತ್ತದೆ. ಟವರ್ ನೇರವಾಗಿ ಕಾಣಬೇಕಾದ್ದರಿಂದ ಎಷ್ಟೋ ಸಣ್ಣ ಏರ್‌ಪೋರ್ಟ್‌ಗಳಲ್ಲಿ ನೆಲದ ಮೇಲಿದ್ದಾಗ ಏನೂ ಬರುವುದಿಲ್ಲ. ಸಾವಿರ ಎರಡು ಸಾವಿರ ಅಡಿ ಏರಿದ ಮೇಲೆ ಚಿತ್ರ ಮೂಡುತ್ತದೆ. ಹಾಗಾಗಿ ಹೊರಡುವ ಮೊದಲೇ, ಇಂಟರ್‌ನೆಟ್ ಇರುವಾಗಲೇ, ಎಲ್ಲವನ್ನೂ ಇಳಿಸಿಕೊಳ್ಳಬೇಕು. ಸ್ಯಾಟಲೈಟ್ ಸೇವೆಗೆ ಈ ತೊಂದರೆ ಇಲ್ಲ, ಆದರೆ ಅದಕ್ಕೆ ತಿಂಗಳು ತಿಂಗಳು ದುಡ್ಡು. ತಡದ ವಿಷಯದಲ್ಲಿ ಎರಡಕ್ಕೂ ಮೂಲ ಅದೇ ರೇಡಾರ್ ಜಾಲ. ನಾನು ಹೇಳಿದ್ದೆಲ್ಲ ಎರಡಕ್ಕೂ ಅನ್ವಯಿಸುತ್ತದೆ.

ಪೆಟ್ಟಿಗೆಯನ್ನು ನೋಡಿಕೊಳ್ಳುವ ಬಗ್ಗೆ ಚುಟುಕಾಗಿ. ಐಪ್ಯಾಡ್‌ಗೆ ಆ್ಯಪಲ್ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಆಗಸ್ಟ್‌ನಲ್ಲಿ ಇಲ್ಲಿ ಬಿಸಿಲಲ್ಲಿ ನಿಂತ ವಿಮಾನದೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಬಿಸಿಯಾಗಿ ಪರದೆ ಆರಿಹೋಗುತ್ತದೆ, ಬೇಕಾದ ಹೊತ್ತಲ್ಲೇ. ಗಾಜಿಗೆ ಅಂಟಿಸಬೇಡಿ, ಗಾಳಿ ಬರುವ ಕಡೆ ಇಡಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚಾರ್ಜರ್ ಸಿಕ್ಕಿಸುವ ಮುನ್ನ ವಿಮಾನದ್ದು 14 ವೋಲ್ಟೋ 28 ವೋಲ್ಟೋ ಕೇಳಿ. ಹೊಸ 172ಗಳು 28 ವೋಲ್ಟ್, ಕಾರಿನ ಅಗ್ಗದ ಚಾರ್ಜರ್ ಅಲ್ಲಿ ಸುಟ್ಟುಹೋಗಬಹುದು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದರೆ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ದಿಕ್ಸೂಚಿಯ ಹತ್ತಿರ ಏನನ್ನೂ ಇಡಬೇಡಿ, ಮುಳ್ಳು ತಿರುಗಿಬಿಡುತ್ತದೆ. ಇನ್ನು ವಿಮಾನ ಕುಲುಕುವಾಗ ಟಚ್ ಪರದೆಯಲ್ಲಿ ಬೆರಳು ಒಂದು ಕಡೆ ನಿಲ್ಲುವುದಿಲ್ಲ. ಹಳೆಯ 396ರಲ್ಲಿ ಗುಂಡಿಗಳಿದ್ದವು, ಕುಲುಕಾಟದಲ್ಲೂ ಒತ್ತಬಹುದಿತ್ತು. ಅದು ಹೋದದ್ದು ನನಗೆ ನಿಜಕ್ಕೂ ಬೇಸರ. ಕುಲುಕಾಟ ಶುರುವಾಗುವ ಮೊದಲೇ ಬೇಕಾದ ಪುಟ ತೆರೆದಿಟ್ಟುಕೊಳ್ಳಿ.

ಕೊನೆಯದಾಗಿ ರೇಡಿಯೋ. ಸ್ಕಾಟ್ ಕ್ರಾಸ್‌ಫೀಲ್ಡ್ ಹೆಸರು ಕೇಳಿರುತ್ತೀರಿ. 1953ರ ನವೆಂಬರ್‌ನಲ್ಲಿ ಶಬ್ದದ ಎರಡು ಪಟ್ಟು ವೇಗ ದಾಟಿದ ಮೊದಲ ಮನುಷ್ಯ. ಎಕ್ಸ್-15 ರಾಕೆಟ್ ವಿಮಾನವನ್ನು ಮೊದಲು ಹಾರಿಸಿದವರು. 2006ರ ಏಪ್ರಿಲ್ 19ರಂದು, 84ರ ವಯಸ್ಸಿನಲ್ಲಿ, ಅಲಬಾಮಾದಿಂದ ವರ್ಜೀನಿಯಾಕ್ಕೆ ತಮ್ಮದೇ ಸೆಸ್ನಾ 210ರಲ್ಲಿ ಹೋಗುತ್ತಿದ್ದಾಗ ಜಾರ್ಜಿಯಾದಲ್ಲಿ ಬಲವಾದ ಗುಡುಗು ಮೋಡಕ್ಕೆ ಸಿಕ್ಕಿ ತೀರಿಕೊಂಡರು. ತನಿಖೆ ಎರಡು ಕಾರಣ ಹೇಳಿತು. ದಾರಿಯಲ್ಲಿ ಅವರು ಹೊಸ ಹವಾಮಾನ ವಿವರ ಪಡೆಯಲಿಲ್ಲ, ಮತ್ತು ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಮುಂದಿನ ಮಳೆಯ ಬಗ್ಗೆ ಅವರಿಗೆ ನೆರವು ಕೊಡಲಿಲ್ಲ. ಅಷ್ಟು ಪಳಗಿದ ಕೈಗೂ ಆ ಮೋಡದಲ್ಲಿ ಉಳಿಗಾಲವಿರಲಿಲ್ಲ. ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ನಾನು ಹೇಳುವುದು, ಚಿತ್ರ ಕೈಯಲ್ಲಿದ್ದರೂ ಕೇಳಿ. ದೊಡ್ಡ ಊರುಗಳ ಏರ್‌ಪೋರ್ಟ್ ಸುತ್ತಮುತ್ತಲಿನ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್ ಕಂಟ್ರೋಲ್‌ನವರ ರೇಡಾರ್ ಅಲ್ಲೇ ತಿರುಗುತ್ತಿರುತ್ತದೆ, ಅವರಿಗೆ ಕಾಣುವ ಮಳೆ ನಮ್ಮ ಚಿತ್ರಕ್ಕಿಂತ ಬಹಳ ಹೊಸದು. ದೂರದ ದಾರಿಯಲ್ಲಿರುವ ವಿಮಾನಗಳನ್ನು ನೋಡಿಕೊಳ್ಳುವ ಸೆಂಟರ್‌ನವರಿಗೆ ಕಾಣುವುದು ನೆಕ್ಸ್‌ರಾಡ್‌ನಿಂದಲೇ ಬಂದದ್ದು, ಅಲ್ಲೂ ಸ್ವಲ್ಪ ತಡ ಇರುತ್ತದೆ. ಆದರೂ ನಿಮ್ಮ ಮುಂದೆ ಹೋದ ವಿಮಾನದ ಪೈಲಟ್ ಏನು ಹೇಳಿದ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಕೇಳಲು ದೊಡ್ಡ ಭಾಷೆ ಬೇಡ. "ರಿಕ್ವೆಸ್ಟ್ ಟ್ವೆಂಟಿ ಡಿಗ್ರೀಸ್ ರೈಟ್ ಫಾರ್ ವೆದರ್", ಅಂದರೆ ಹವಾಮಾನದಿಂದಾಗಿ ಇಪ್ಪತ್ತು ಡಿಗ್ರಿ ಬಲಕ್ಕೆ ತಿರುಗಲು ಬಿಡಿ ಅಂತ, ಅಷ್ಟೇ ಸಾಕು. ನಮ್ಮವರು ಕೆಲವರು ಉಚ್ಚಾರಣೆಯ ಅಳುಕಿನಿಂದ ರೇಡಿಯೋದಲ್ಲಿ ಕಡಿಮೆ ಮಾತಾಡುತ್ತಾರೆ. ನಾನು ನೋಡಿದ್ದೇನೆ. ಆ ಅಳುಕು ಬೇಡ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಹಾಗಾದರೆ ಎಷ್ಟು ದೂರ ಇಟ್ಟುಕೊಳ್ಳಬೇಕು, ಒಂದು ಸಂಖ್ಯೆ ಹೇಳಿ.

ಬಲವಾದ ಗುಡುಗು ಮೋಡದಿಂದ ಕನಿಷ್ಠ 20 ಮೈಲಿ ದೂರ ಇರಿ ಅಂತ ಎಫ್‌ಎಎ ಹೇಳುತ್ತದೆ. ಆಲಿಕಲ್ಲು ಮೋಡದಿಂದ ಹೊರಗೆ, ತಿಳಿ ಆಕಾಶದಲ್ಲೂ ಮೈಲಿಗಟ್ಟಲೆ ದೂರ ಬೀಳಬಹುದು. ಎರಡು ಮೋಡಗಳ ನಡುವೆ ಹೋಗಬೇಕಾದರೆ ಎರಡೂ ಕಡೆ 20, ಅಂದರೆ 40 ಮೈಲಿ ಸಂದಿ ಬೇಕು. ಅಷ್ಟು ಅಗಲ ಇದ್ದರೆ ಅದನ್ನು ನಾವು ಸಂದಿ ಅಂತಲೂ ಕರೆಯುವುದಿಲ್ಲ. ಆ 20 ಮೈಲಿ ಅಳೆಯುವುದು ಪರದೆಯ ಮೇಲಿನ ಮೋಡದಿಂದ ಅಲ್ಲ, ಅದು ಈಗ ಸರಿದಿರಬಹುದಾದ ಜಾಗದಿಂದ. ಗಾಳಿ ಬರುವ ಕಡೆಯಿಂದ ಸುತ್ತಿ ಹೋಗಿ. ಮೋಡ ಸರಿಯುತ್ತಿರುವ ದಿಕ್ಕಿನಲ್ಲಿ ಅದರ ಮುಂದೆ ಅಡ್ಡ ಹಾಯಬೇಡಿ.

ಇನ್ನೊಬ್ಬರು: ನನ್ನ ತಂಗಿಯ ಮಗ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಕಲಿಯುತ್ತಿದ್ದಾನೆ. ಅವನಿಗೆ ಇಂಥದ್ದೊಂದು ರಿಸೀವರ್ ಕೊಡಿಸಲಾ?

ಬೇಡ. 978 ಮೆಗಾಹರ್ಟ್ಸ್‌ನಲ್ಲಿ ಹವಾಮಾನ ಬಿತ್ತರಿಸುವ ವ್ಯವಸ್ಥೆ ಅಮೆರಿಕದ್ದು, ಭಾರತದಲ್ಲಿ ಅದಿಲ್ಲ. ನೀವು ಕೊಟ್ಟ ರಿಸೀವರ್ ಅಲ್ಲಿ ಜಿಪಿಎಸ್ ಸ್ಥಾನ ತೋರಿಸಬಹುದು, ಮಳೆ ತೋರಿಸುವುದಿಲ್ಲ. ಅಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಚಿತ್ರಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಹಾರುವ ಮೊದಲು ಅವನ್ನು ನೋಡಬೇಕು, ಅವುಗಳ ಮೇಲಿನ ಸಮಯವನ್ನೂ ನೋಡಬೇಕು. ಅದು ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಇದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೆಂಗಳೂರಿನ ಸುತ್ತ ಮೋಡ ಏಳುವುದು ಟೆಕ್ಸಾಸ್‌ನಷ್ಟೇ ಬೇಗ. ಅವನ ಇನ್‌ಸ್ಟ್ರಕ್ಟರ್ ಬೆಳಿಗ್ಗೆಯೇ ಹಾರಿಸಿ ಮುಗಿಸುತ್ತಿದ್ದರೆ ಅದಕ್ಕೆ ಕಾರಣ ಇದೆ.

ಕೊನೆಯದು, ಮುಂದೆ ಕೂತಿದ್ದ ಒಬ್ಬರು ಹೆಂಗಸು: ನಾನು ಪೈಲಟ್ ಅಲ್ಲ. ಯಜಮಾನರ ಪಕ್ಕ ಕೂತು ಟ್ಯಾಬ್ಲೆಟ್ ಹಿಡಿಯುತ್ತೇನೆ. ನಾನೇನು ಮಾಡಬಹುದು?

ತುಂಬಾ ಮಾಡಬಹುದು. ಪ್ರತಿ ಹೊಸ ಚಿತ್ರ ಬಂದಾಗ ಅದರ ಸಮಯವನ್ನು ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಹಿಂದಿನ ಕೆಲವು ಚಿತ್ರಗಳನ್ನು ಓಡಿಸಿ ನೋಡಿ, ಆ ಸೌಲಭ್ಯ ಇದೆ. ಮೋಡ ಯಾವ ಕಡೆ ಸರಿಯುತ್ತಿದೆ, ಬೆಳೆಯುತ್ತಿದೆಯೋ ಕರಗುತ್ತಿದೆಯೋ ಹೇಳಿ. ಚಿತ್ರ ಹತ್ತು ನಿಮಿಷದಿಂದ ಬದಲಾಗಿಲ್ಲ ಅಂದರೆ ಅದನ್ನು ತಕ್ಷಣ ಹೇಳಿ, ಯಾಕಂದ್ರೆ ಸಿಗ್ನಲ್ ಹೋದಾಗ ಹಳೆ ಚಿತ್ರ ಪರದೆಯ ಮೇಲೆ ಹಾಗೇ ಉಳಿದಿರಬಹುದು. ಹತ್ತಿರದಲ್ಲಿ ಇಳಿಯಬಹುದಾದ ಏರ್‌ಪೋರ್ಟ್ ಯಾವುದು, ಅಲ್ಲಿನ ಚುಕ್ಕೆ ಯಾವ ಬಣ್ಣ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ. ಇನ್ನು ಹೊರಗೆ ಕಾಣುವುದು ನಿಮಗೆ ಸರಿ ಅನಿಸದಿದ್ದರೆ, ಇಳಿಯೋಣ ಅಂತ ಹೇಳಿ. ಕಾರಣ ವಿವರಿಸುವುದು ಬೇಕಾಗಿಲ್ಲ. ಇಲ್ಲಿರುವ ಪೈಲಟ್‌ಗಳಿಗೆ ನನ್ನ ಕೋರಿಕೆ ಇಷ್ಟೇ: ಆ ಮಾತು ಬಂದರೆ ವಾದ ಮಾಡದೆ ಇಳಿಯುತ್ತೇನೆ ಅಂತ ಹೊರಡುವ ಮೊದಲೇ, ಮನೆಯಲ್ಲೇ, ಅವರಿಗೆ ಹೇಳಿಬಿಡಿ.